ಮರ್ಯಾದಸ್ಥರಿಗೊಂದು ಏಲಕ್ಕಿ ಮಾಲೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಮಸ್ತ ಮರ್ಯಾದಸ್ಥರ ಸನ್ನಿಧಾನಕ್ಕೆ,

ಇತ್ತ ನಾವೆಲ್ಲ ಕ್ಷೇಮ. ತಮ್ಮ ಮರ್ಯಾದೆಯ ಕ್ಷೇಮಸಮಾಚಾರ ತಿಳಿಯಲೆಂದು ಈ ಪತ್ರ.

ಸೂಜಿಯಿಂದ ಅಮಲೇರಿಸಿಕೊಳ್ಳುವವರಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹರಡದಂತೆ ತಡೆಯುವುದು ಹೇಗೆಂದು ಜಗತ್ತೇ ತಲೆ ಕೆಡಿಸಿಕೊಂಡು ಕೂತಿದೆ. ತಾವು ಮಾತ್ರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಲೇ ಬಗೆಹರಿಸಿಬಿಟ್ಟಿರಿ: "ಅಂಥಾವ್ರು ನಮ್ಮೂರಾಗ ಇಲ್ರೀ." ಖರ್ಚಿಲ್ಲ, ಟೆಂಡರಿಲ್ಲ. ಹಾವೇರಿಯ ಏಲಕ್ಕಿ ಮಾಲೆ ಸಾಮಾನ್ಯವಾಗಿ ಮಂತ್ರಿಗಳ ಕೊರಳಿಗೇ ಬೀಳುವುದು. ಈ ಸಲ ತಮಗೆ ಹಾಕಿ, ಶಾಲು ಹೊದಿಸಬೇಕೆಂದಿದ್ದೇನೆ.

ದಿಲ್ಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ಸಮೀಕ್ಷೆ ಮಾಡಿ, ಚುಚ್ಚಿಕೊಂಡು ಅಮಲೇರಿಸುವವರು ದೇಶದಲ್ಲಿ ಸುಮಾರು 8.5 ಲಕ್ಷ ಎಂದು 2019ರಲ್ಲಿ ಹೇಳಿದರು. ಅವರೆಲ್ಲ ಮಣಿಪುರ, ಪಂಜಾಬಿನವರೆಂಬುದು ತಮ್ಮ ಲೆಕ್ಕ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬರುವ ಸರಕೆಲ್ಲ ಹಾವೇರಿ, ರಾಣೆಬೆನ್ನೂರುಗಳಲ್ಲಿ ಇಳಿಯುತ್ತದೆ, ಅಮಲಿನ ಸರಕೊಂದು ಮಾತ್ರ ಮರ್ಯಾದೆಯಿಂದ ಮುಂದೆ ಹೋಗುತ್ತದೆ. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗಗಳನ್ನಾದರೂ ಎಣಿಸಬಹುದು. ಮನೆಯ ಹಿಂದಿನ ಕೋಣೆಯಲ್ಲಿ ತುಂಬುತೋಳಿನ ಅಂಗಿ ಕಳಚದೆ ಕೂತ ಮಗನನ್ನು ಎಣಿಸುವುದು ಯಾರ ಕೆಲಸ?

ಬ್ಯಾಡಗಿಯವರ ಬಗ್ಗೆ ನನಗೆ ವಿಶೇಷ ಗೌರವ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮೆಣಸಿನಕಾಯಿ ಅವರದು. ಖಾರಕ್ಕಿಂತ ಬಣ್ಣಕ್ಕೇ ಅದಕ್ಕೆ ಬೆಲೆ. ಆ ಕೆಂಪು ಎಷ್ಟು ಕೆಂಪು ಎಂದು ಪ್ರಯೋಗಾಲಯದಲ್ಲಿ ಅಳೆಸಿ ದರ ಕಟ್ಟುವ ವ್ಯಾಪಾರದ ಊರಿನಲ್ಲಿ, ಮೈಯೊಳಗಿನ ಕೆಂಪನ್ನು ಒಮ್ಮೆ ಪರೀಕ್ಷೆಗೆ ಕೊಡಿ ಎಂದರೆ "ನಮಗ್ಯಾಕ್ರೀ ಅದು?" ಎಂಬ ಉತ್ತರ.

ಈಗ ವೈರಸ್‌ಗಳ ಸ್ವಭಾವದ ಬಗ್ಗೆ ಎರಡು ಮಾತು. ಅವಕ್ಕೆ ಸಂಸ್ಕಾರವಿಲ್ಲ. ಒಬ್ಬನ ನೆತ್ತರು ಹತ್ತಿದ ಸಿರಿಂಜು ಇನ್ನೊಬ್ಬನ ನರಕ್ಕೆ ಹೋದರೆ ಸಾಕು, ಕುಲಗೋತ್ರ ಕೇಳದೆ ಒಳಗೆ ಹೋಗುತ್ತವೆ. ಬಳಸಿ ಬಿಸಾಡಿದ ಸಿರಿಂಜಿನಲ್ಲಿ ಹೆಪಟೈಟಿಸ್ ಸಿ ವೈರಸ್ 63 ದಿನದವರೆಗೂ ಬದುಕಿರಬಲ್ಲದು ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸಾವಿರಕ್ಕೆ ಸುಮಾರು ಇಬ್ಬರು. ಸೂಜಿ ಚುಚ್ಚಿಕೊಳ್ಳುವವರಲ್ಲಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) 2021ರಲ್ಲಿ ನಡೆಸಿದ ಕಣ್ಗಾವಲಿನ ಪ್ರಕಾರ, ನೂರಕ್ಕೆ ಸುಮಾರು ಒಂಬತ್ತು ಮಂದಿ. ಈ ಅಂತರ ಅಮಲಿನದಲ್ಲ, ಹಂಚಿಕೊಂಡ ಸೂಜಿಯದು. ಹೊಸ ಸಿರಿಂಜಿನ ಬೆಲೆ ಒಂದು ಕಪ್ ಚಹಾದಷ್ಟೂ ಆಗಲಿಕ್ಕಿಲ್ಲ. ಆದರೆ ಹುಡುಗನ ಕಣ್ಣು ನೋಡಿ "ಸ್ಟಾಕ್ ಇಲ್ಲಪಾ" ಎನ್ನುವ ಔಷಧಿ ಅಂಗಡಿಯವನೂ ಮರ್ಯಾದಸ್ಥನೇ. ಹುಡುಗ ಗೆಳೆಯನ ಸೂಜಿ ಹುಡುಕಿಕೊಂಡು ಹೋಗುತ್ತಾನೆ, ಅಂಗಡಿಯ ಹೆಸರು ಉಳಿಯುತ್ತದೆ.

"ಸೂಜಿ ಕೊಟ್ರ ಚಟ ಬೆಳಿತದ, ಕೇಸ್ ಬೀಳ್ತದ" ಎಂಬ ಭಯ ತಮಗೆ. ಪಾಪ, ಕಾನೂನೇ ತಮ್ಮ ಕೈಬಿಟ್ಟಿದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ 22ನೇ ಕಲಮು, ಸರ್ಕಾರದ ಮಾರ್ಗಸೂಚಿಯಂತೆ ಸೋಂಕು ತಡೆಯಲು ಮಾಡುವ ಕೆಲಸ ಅಪರಾಧವಲ್ಲ ಎನ್ನುತ್ತದೆ. ಹಳೆ ಸೂಜಿ ಪಡೆದು ಹೊಸ ಸೂಜಿ ಕೊಟ್ಟವನೂ ತಪ್ಪಿತಸ್ಥನಲ್ಲ, ಪಡೆದವನೂ ಅಲ್ಲ ಎಂದು ಉದಾಹರಣೆ ಕೊಟ್ಟು ಬರೆದಿದ್ದಾರೆ. ಚುಚ್ಚುವುದನ್ನೇ ಬಿಡಿಸಲು ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆಯೂ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಚಟ ಬಿಡುವುದು ನಿಧಾನ. ಅಲ್ಲಿಯತನಕ ಹುಡುಗ ಜೀವಂತ ಇರಬೇಕಲ್ಲ, ಸ್ವಾಮಿ.

ಅಂದಹಾಗೆ, ಸೂಜಿಯ ಚಟ ಆ ಹುಡುಗರಿಗಷ್ಟೇ ಎಂದು ಯಾರು ಹೇಳಿದರು? ನೆಗಡಿಯಾದರೆ "ಒಂದ್ ಸೂಜಿ ಮಾಡ್ರಿ", ಸುಸ್ತಾದರೆ "ಒಂದ್ ಸಲಾಯಿನ್ ಹಚ್ರಿ", ಗುಳಿಗೆ ಬರೆದುಕೊಟ್ಟವನು ಡಾಕ್ಟರೇ ಅಲ್ಲ. ಈ ಭಕ್ತಿಯನ್ನು ಬಂಡವಾಳ ಮಾಡಿಕೊಂಡೇ ಓದದ ಡಾಕ್ಟರುಗಳು ಹಳ್ಳಿ ಹಳ್ಳಿಯಲ್ಲಿ ಬೋರ್ಡಿಲ್ಲದೆ ದವಾಖಾನೆ ಇಡುವುದು. ಸಿರಿಂಜಿನ ಪ್ಯಾಕೆಟ್ಟನ್ನು ಎದುರಿಗೇ ಒಡೆದನೇ, ಬಿಸಿನೀರಲ್ಲಿ ತೊಳೆದಿಟ್ಟದ್ದನ್ನು ತೆಗೆದನೇ ಎಂದು ಕೇಳುವುದು ಮಾತ್ರ ಅಮರ್ಯಾದೆ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹಳೆ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌನಲ್ಲಿ ಹತ್ತಾರು ಮಂದಿಗೆ ಎಚ್‌ಐವಿ ಇರುವುದು 2018ರಲ್ಲಿ ಬೆಳಕಿಗೆ ಬಂದಾಗ ಬೆರಳು ತೋರಿದ್ದು ಒಂದೇ ಸಿರಿಂಜನ್ನು ಮತ್ತೆ ಮತ್ತೆ ಚುಚ್ಚುತ್ತಿದ್ದ ನಕಲಿ ವೈದ್ಯನ ಕಡೆ. ಜ್ವರ, ಕೆಮ್ಮು ಎಂದು ಹೋದ ಮರ್ಯಾದಸ್ಥರೇ ಅವರೂ.

ಇನ್ನು ಕಸ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಂಡ ಸೂಜಿಯನ್ನು ಕ್ಯಾರಿಬ್ಯಾಗಿಗೆ ಹಾಕಿ ಗಂಟು ಕಟ್ಟಿ ಗಾಡಿಗೆ ಎಸೆಯುತ್ತೀರಿ. ಗಂಟು ಬಿಚ್ಚುವುದು ಪೌರಕಾರ್ಮಿಕರ ಬರಿಗೈ. ಚುಚ್ಚಿದರೆ ತಡಮಾಡದೆ, 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ 28 ದಿನ ಗುಳಿಗೆ ನುಂಗಿದರೆ ಎಚ್‌ಐವಿ ತಡೆಯಬಹುದು ಎಂಬುದನ್ನು ಆಯುಧಪೂಜೆಗೆ ಸೀರೆ ಹಂಚುವಾಗಲಾದರೂ ಅವರಿಗೆ ಹೇಳಿ.

ಸನ್ಮಾನದ ತಾರೀಕು ತಾವೇ ತಿಳಿಸಿ. ಅಷ್ಟರೊಳಗೆ ಆಗಬೇಕಾದ್ದು ಇಷ್ಟು. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಹಾಕಿಸಿಕೊಳ್ಳಿ. ಸಿಗೆ ಲಸಿಕೆ ಇಲ್ಲ. ಆದರೆ ಬಹುತೇಕರಿಗೆ 12 ವಾರದ ಗುಳಿಗೆಯಲ್ಲಿ ಪೂರ್ತಿ ವಾಸಿಯಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಒಪ್ಪಿಗೆಯಿಲ್ಲದೆ ಊರಿಗೆ ಸಾರುವುದು ಅದೇ 2017ರ ಕಾಯ್ದೆಯ ಪ್ರಕಾರ ನಿಷಿದ್ಧ. ಹಾಗಾಗಿ ಊರಿಗೆ ಗೊತ್ತಾದೀತೆಂದು ಹೆದರಿ, ಮಗನ ತೋಳಿನಲ್ಲಿ ಸೂಜಿಯ ಕಲೆ ಕಂಡ ದಿನ ಅವನನ್ನು ಮನೆಯಿಂದ ಹೊರಹಾಕಬೇಡಿ. ಎಚ್‌ಐವಿ ವಿಚಾರಕ್ಕೆ 1097, ಚಟ ಬಿಡಿಸುವ ವಿಚಾರಕ್ಕೆ 14446, ಎರಡೂ ಉಚಿತ ಕರೆಗಳು.

ಇಂತಿ ತಮ್ಮ ವಿಧೇಯ,
ಅದೇ ಓಣಿಯವನು