ಗರಗಸದ ಸೋದರಮಾವ

ಕನ್ನಡದಲ್ಲಿ ಕೊರೆಯುವುದಕ್ಕೆ ಎರಡು ಅರ್ಥ. ಮರವನ್ನೂ ಕೊರೆಯಬಹುದು, ತಲೆಯನ್ನೂ ಕೊರೆಯಬಹುದು. ಬೈರಿಗೆ ಎಂದರೆ ಬಡಗಿಯ ಸಲಕರಣೆಯೂ ಹೌದು, ಹಿಡಿದರೆ ಬಿಡದ ಮಾತಿನ ನೆಂಟನೂ ಹೌದು. ಎರಡನ್ನೂ ಒಂದೇ ಮೈಯಲ್ಲಿ ನೋಡಬೇಕೆಂದರೆ ಬೆಂಗಳೂರಿನ ಪೂರ್ವಕ್ಕೆ ಬರಬೇಕು. ಹಲಸೂರಿನಿಂದ ಇಂದಿರಾನಗರ, ಅಲ್ಲಿಂದ ಹಳೆ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದವರೆಗೆ ಯಾವ ಬಂಧುಬಳಗವನ್ನು ಜಾಲಾಡಿದರೂ ಒಬ್ಬರು ಗರಗಸದ ಸೋದರಮಾವ ಸಿಕ್ಕೇ ಸಿಗುತ್ತಾರೆ. ಕಾರ್ಖಾನೆಯಿಂದ ನಿವೃತ್ತಿ, ಬಾಲ್ಕನಿಯಲ್ಲೊಂದು ಸ್ಕ್ರೋಲ್ ಸಾ ಎಂಬ ಗರಗಸದ ಯಂತ್ರ, ಹುಬ್ಬಿನ ಮೇಲೆ ಸದಾ ಮರದ ಹುಡಿ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅವರ ಫೋನು ಬರುತ್ತದೆ: "ಹುಡುಗನ ಹೆಸರಲ್ಲಿ ಸಣ್ಣ ಶ ನಾ, ಹೊಟ್ಟೆ ಸೀಳಿದ ಷ ನಾ? ಸರಿಯಾಗಿ ಕೇಳಿ ಹೇಳಮ್ಮ." ಆರತಕ್ಷತೆಯ ಸಾಲಿನಲ್ಲಿ ವಧೂವರರ ಹೆಸರು ಕೊರೆದ ಹಲಗೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ನಿಂತವರು ಇವರೇ. ಇವರನ್ನು ಕಂಡು ನಗುವುದು ಸುಲಭ, ನಗಬೇಕಾದದ್ದೂ ಇದೆ. ಆದರೂ ಆ ಇಡೀ ಛತ್ರದಲ್ಲಿ ಉಡುಗೊರೆ ಎಂಬ ಮಾತಿಗೆ ತಕ್ಕ ವಸ್ತು ಇವರ ಕಂಕುಳಲ್ಲಿರುವುದೊಂದೇ ಎಂಬುದು ನನ್ನ ವಾದ.

ಈ ತಳಿ ಈ ಕಡೆಯೇ ಹುಲುಸಾಗಿ ಬೆಳೆದದ್ದಕ್ಕೆ ಕಾರಣ ಇಲ್ಲಿನ ಕಾರ್ಖಾನೆಗಳು. ಎಚ್.ಎ.ಎಲ್. 1940ರಲ್ಲಿ, ದೂರವಾಣಿನಗರದ ಐ.ಟಿ.ಐ. 1948ರಲ್ಲಿ, ಬೆಮಲ್ 1964ರಲ್ಲಿ ಶುರುವಾದವು, ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಇತ್ತು. ಇಲ್ಲಿನ ಎರಡು ಮೂರು ತಲೆಮಾರು ಸೈರನ್ನಿಗೆ ಎದ್ದು, ವರ್ನಿಯರ್ ಹಿಡಿದು, ಕೂದಲೆಳೆಯ ದಪ್ಪಕ್ಕೂ ಲೆಕ್ಕ ಒಪ್ಪಿಸಿ ಬದುಕಿತು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಮನುಷ್ಯನನ್ನು ಮನೆಗೆ ಕಳಿಸಿದರು. ಕೈಗೆ ಮಾತ್ರ ನಿವೃತ್ತಿಯ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಅದು ಮೊದಲು ಮನೆಯ ಮಿಕ್ಸಿ ಬಿಚ್ಚಿತು, ಆಮೇಲೆ ಪಕ್ಕದ ಮನೆಯದನ್ನು. ಎರಡೂ ಮನೆಯವರು ಕೈಮುಗಿದ ಮೇಲೆ ಗರಗಸಕ್ಕೆ ಬಂತು. ಇದೆಲ್ಲ ಯೂಟ್ಯೂಬ್ ನೋಡಿ ಅಂಟಿಸಿಕೊಂಡ ಪರದೇಶದ ಚಟ ಎಂದು ಮೂಗು ಮುರಿಯುವವರಿದ್ದಾರೆ. ಯಂತ್ರ ಪರದೇಶದ್ದಿರಬಹುದು, ಕಸುಬು ಅಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು ಸಣ್ಣ ಗರಗಸದಲ್ಲೇ ಬಣ್ಣಬಣ್ಣದ ಮರವನ್ನು ಎಲೆ, ಆನೆ, ಅಂಬಾರಿಯಾಗಿ ಕತ್ತರಿಸಿ ಕೂರಿಸುತ್ತಾರೆ. ನಮ್ಮ ದಂಡಿನ ಹಳೇ ಬಂಗಲೆಗಳ ಕಿಟಕಿಯ ಮೇಲೆ ಕುಲಾವಿಯಂತೆ ಕೂತ 'ಮಂಕಿ ಟಾಪ್'ಗಳಿಗೂ ಮರದ ಕಸೂತಿಯೇ ಅಂಚು. ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್ ಕಡೆ ಅಳಿದುಳಿದವನ್ನು ತಲೆಯೆತ್ತಿ ನೋಡಿದರೆ ಮಾವನ ಪೂರ್ವಜರು ಕಾಣುತ್ತಾರೆ.

ಮಾವನ ನಿಜವಾದ ಎದುರಾಳಿ ಮರವಲ್ಲ, ಲಿಪಿ. ಸ್ಕ್ರೋಲ್ ಸಾದಲ್ಲಿ ದಾರದಷ್ಟು ಸಣ್ಣ ಬ್ಲೇಡು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ, ತಿರುಗಿಸಬೇಕಾದದ್ದು ಹಲಗೆಯನ್ನು. ಅಕ್ಷರದ ಒಳಗಿನ ಕಿಂಡಿ ಕತ್ತರಿಸಬೇಕಾದರೆ ಮೊದಲು ತೂತು ಹಾಕಿ, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯಬೇಕು. ಹೆಸರಿನಲ್ಲಿ ಹತ್ತು ಕಿಂಡಿಯಿದ್ದರೆ ಹತ್ತು ಸಲ ಇದೇ ಸೇವೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಹೆಚ್ಚೆಂದರೆ ಸಣ್ಣ 'ಐ' ತಲೆಯ ಚುಕ್ಕೆಯೊಂದು ಉದುರೀತು. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಕೆಳಗೆ ನೇತಾಡುತ್ತವೆ. ಎಲ್ಲೋ ಒಂದು ಕಡೆ ಅಕ್ಕಿಕಾಳಿನಷ್ಟು ಕೊಂಡಿ ಉಳಿಸದಿದ್ದರೆ ಒತ್ತು ನೆಲಕ್ಕೆ, ಹೆಸರು ಕಸದ ಬುಟ್ಟಿಗೆ. ಹುಡುಗಿಯ ಹೆಸರು ಧನಲಕ್ಷ್ಮಿ ಎಂದು ಗೊತ್ತಾದ ರಾತ್ರಿ ಮಾವನಿಗೆ ನಿದ್ದೆ ಬರುವುದಿಲ್ಲ. 'ಕ್ಷ್ಮಿ'ಯಲ್ಲಿ ಎರಡು ಒತ್ತು. ಸಾಲದ್ದಕ್ಕೆ ಮೊದಲ ಅಕ್ಷರದ ಹೊಟ್ಟೆ ಸೀಳಲು ಮರೆತರೆ ಲಕ್ಷ್ಮಿಯ ಹಿಂದಿನ ಧನ ದನವಾಗಿ ಬೀಗರ ಎದುರು ನಿಲ್ಲುತ್ತದೆ. ಈ ಊರಿನಲ್ಲಿ ಕನ್ನಡವೊಂದರಿಂದಲೂ ಮುಗಿಯುವುದಿಲ್ಲ. ಶಿವಾಜಿನಗರದ ಹಳೇ ಸಹೋದ್ಯೋಗಿಯ ಮಗಳ ನಿಕಾಹ್‌ಗೆ ಉರ್ದು, ಅದಕ್ಕೆ ನುಕ್ತೆ. ಹಲಸೂರಿನ ಗೆಳೆಯನ ಮನೆಗೆ ತಮಿಳು, ಅದಕ್ಕೆ ತಲೆಯ ಮೇಲೆ ಪುಳ್ಳಿ. ಎಲ್ಲಕ್ಕೂ ಕೊಂಡಿ ಬೇಕು. ಕೊಂಡಿಯ ಬೆಲೆ ಕೆ.ಆರ್. ಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಅಲ್ಲಿಯವರೆಗೆ ಮೆಟ್ರೋ ಬಂತು. ಬೈಯಪ್ಪನಹಳ್ಳಿಗೆ ಉಳಿದ ಸುಮಾರು ಎರಡು ಕಿಲೋಮೀಟರು ಕೂಡಿದ್ದು ಅಕ್ಟೋಬರಿನಲ್ಲಿ. ಅಷ್ಟು ತಿಂಗಳು ಒಂದಿಡೀ ಮಾರ್ಗ ಉದುರಿದ ಒತ್ತಿನಂತೆ ಬಿದ್ದಿತ್ತು. ದಾಂಪತ್ಯವೂ ಹೀಗೇ, ಕೊಂಡಿ ಮುಖ್ಯ ಎಂದು ಮಾವ ವೇದಿಕೆಯ ಮೇಲೇ ವಧೂವರರಿಗೆ ಕೊರೆಯುತ್ತಾರೆ. ಹಿಂದಿನ ಸಾಲು ಊಟದ ಹಾಲಿನ ಬಾಗಿಲು ನೋಡುತ್ತದೆ.

ಇಷ್ಟೆಲ್ಲ ಯಾಕೆ, ಲೇಸರಿನವನಿಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಗೆರೆ ತಪ್ಪದೆ ಕತ್ತರಿಸಿ ಕೊಡುವುದಿಲ್ಲವೇ ಎಂದು ಸೊಸೆಯಂದಿರು ಕೇಳುತ್ತಾರೆ. ಕೊಡುತ್ತಾನೆ, ಇವರಿಗಿಂತ ನಯವಾಗಿಯೇ ಕೊಡುತ್ತಾನೆ. ಅಂಚು ಒಂದಿಷ್ಟು ಕರಕಲಾಗಿ ಸುಟ್ಟ ವಾಸನೆ ಬರುತ್ತದೆ, ಅಷ್ಟೇ. ಆದರೆ ಲೇಸರು ಹೆಸರನ್ನು ಓದುವುದಿಲ್ಲ. ಫೈಲಿನಲ್ಲಿ ದನ ಎಂದಿದ್ದರೆ ದನವನ್ನೇ ಎಳ್ಳಷ್ಟೂ ತಪ್ಪಿಲ್ಲದೆ ಸುಟ್ಟುಕೊಡುತ್ತದೆ. ಮಾವ ಹಾಗಲ್ಲ. ನೋಡಿಯೇ ಇರದ ಹುಡುಗನ ಹೆಸರನ್ನು ಒಂದೊಂದು ಕಿಂಡಿಯ ಮೂಲಕವೂ ಹಾದುಬರುತ್ತಾರೆ. ಮಂಗಳಾಷ್ಟಕದ ಹೊತ್ತಿಗೆ ಅರ್ಧ ಛತ್ರಕ್ಕೆ ವರನ ಹೆಸರು ಗೊತ್ತಿರುವುದಿಲ್ಲ. ಕವರಿನ ಮೇಲೆ ಬರೆಯಲು ಬಾಗಿಲಿನ ಹೂವಿನ ಬೋರ್ಡು ನೋಡಿಕೊಂಡು ಬರುತ್ತಾರೆ. ಭಾವಚಿತ್ರದ ವಿಷಯದಲ್ಲಿ ಮಾತ್ರ ನಾನು ಮಾವನ ವಕಾಲತ್ತು ವಹಿಸಲಾರೆ. ಫೋಟೋವನ್ನು ಕಪ್ಪುಬಿಳುಪಾಗಿ ಒಡೆದು ಪ್ಲೈವುಡ್ಡಿನಲ್ಲಿ ಕತ್ತರಿಸಿದಾಗ ಮೂಗು ಎಂದರೆ ಎರಡು ನೆರಳು, ಅಷ್ಟೇ. ಅದರಲ್ಲೊಂದು ಮುರಿದರೆ ಮದುಮಗ ಒಂದೇ ಹೊಳ್ಳೆಯಲ್ಲಿ ಉಸಿರಾಡುತ್ತ ಸಂಸಾರ ಮಾಡಬೇಕು. ಹೆಸರಿಗೆ ನಿಲ್ಲುವುದು ಎಲ್ಲರಿಗೂ ಕ್ಷೇಮ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು: ಅದನ್ನು ಯಾರೂ ಗೋಡೆಗೆ ಹಾಕುವುದಿಲ್ಲ, ಅದು ನೇರ ಅಟ್ಟಕ್ಕೆ ಹೋಗುತ್ತದೆ. ನಿಜ. ಆದರೆ ಉಳಿದ ಉಡುಗೊರೆಗಳ ಗತಿ ನೋಡಿ. ಡಿನ್ನರ್ ಸೆಟ್ಟು, ಗೋಡೆ ಗಡಿಯಾರ, ಗಾಜಿನ ಗಣಪ ಇವೆಲ್ಲ ಹೊದ್ದ ಕಾಗದವನ್ನೂ ಬಿಚ್ಚಿಸಿಕೊಳ್ಳದೆ ಮುಂದಿನ ಮದುವೆಗೆ ಹೊರಡುತ್ತವೆ. ಪುಣ್ಯವಿದ್ದರೆ ಸುತ್ತಿ ಸುತ್ತಿ ಕೊಟ್ಟವರ ಮನೆಗೇ ಮರಳುತ್ತವೆ. ಹಿಂದೆ ಮುಯ್ಯಿಯ ಸ್ಟೀಲು ಪಾತ್ರೆಗೆ ಈ ಭಯವಿರಲಿಲ್ಲ, ಅಂಗಡಿಯವನು ಗುರ್ ಎನ್ನುವ ಪೆನ್ನಿನಲ್ಲಿ ಅದರ ಕಂಠಕ್ಕೆ ಹೆಸರು ಹಾಕಿಕೊಡುತ್ತಿದ್ದ. ಆದರೆ ಅದು ಹೆಚ್ಚಾಗಿ ಕೊಟ್ಟವರ ಹೆಸರು. ನೀರು ಕುಡಿಯುವಾಗಲೆಲ್ಲ ಋಣ ನೆನಪಾಗಲಿ, ನಮ್ಮ ಮನೆಯ ಮದುವೆಗೆ ಇದಕ್ಕಿಂತ ಸಣ್ಣ ಚೆಂಬು ತರಬೇಡಿ ಎಂಬ ಸೂಚನೆ. ಮಾವನ ಹಲಗೆಯ ಮೇಲೆ ಪಡೆದವರ ಹೆಸರಿದೆ. ಬೇರೆ ಯಾವ ಜೋಡಿಗೂ ಅದು ಒಗ್ಗುವುದಿಲ್ಲ. ಹಾಗಾಗಿ ಊರು ಸುತ್ತದೆ ನಿಂತುಬಿಡುತ್ತದೆ. ಇಂದಿರಾನಗರದ ಬಾಡಿಗೆ ತಡೆಯದೆ ಕೆ.ಆರ್. ಪುರದ ಆಚೆಯ ಫ್ಲ್ಯಾಟಿಗೆ ಸಾಮಾನು ಕಟ್ಟುವ ದಿನ ಗಂಡ ಅದನ್ನು ಗುಜರಿಯ ರಾಶಿಗೆ ಹಾಕಲು ಎತ್ತುತ್ತಾನೆ. "ಹೆಸರಿದೆಯಲ್ರೀ ಅದರಲ್ಲಿ, ಎಸೆಯೋಕಾಗತ್ತಾ?" ಎನ್ನುತ್ತಾಳೆ ಹೆಂಡತಿ. ಹಲಗೆ ಹಾಸಿಗೆಗಳ ನಡುವೆ ಲಾರಿ ಹತ್ತುತ್ತದೆ. ಕೊಟ್ಟವರ ಹೆಸರು ಅದರ ಮೇಲೆ ಎಲ್ಲೂ ಇಲ್ಲ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಸಾಲು, ಕಾರ್ಖಾನೆಯ ಚೀಟಿಯ ಅದೇ ಅಕ್ಷರದಲ್ಲಿ: ತೇಗ, 6 ಮಿ.ಮೀ., ಬ್ಲೇಡು ನಂ. 5, ತಪಾಸಣೆ ಆಗಿದೆ.