ಬೆಂಕಿಯ ಮಾಲೀಕರಿಗೆ ಒಂದು ಬಹಿರಂಗ ಪತ್ರ

ರವದಿ ಎಂದರೆ ಕಬ್ಬಿನ ಒಣ ಎಲೆ. ಟೋಳಿಯವರು ಕಬ್ಬು ಕಡಿದು ಟ್ರ್ಯಾಕ್ಟರ್‌ಗೆ ಹೇರಿ, ತುದಿಯ ಹಸಿರು ವಾಡೆ ದನಗಳ ಪಾಲಾದ ಮೇಲೆ ಹೊಲದಲ್ಲಿ ಉಳಿಯುವುದು ಇದೇ. ಎಕರೆಗೆ ಹೆಚ್ಚುಕಡಿಮೆ ಮೂರು ನಾಲ್ಕು ಟನ್. ಚಿಕ್ಕೋಡಿ ತಾಲೂಕಿನ ಕರೋಶಿಯಿಂದ ಹಿಡಿದು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರೆಗೆ ಕಬ್ಬು ಇರುವಲ್ಲೆಲ್ಲ ರವದಿ ಇದೆ, ರವದಿ ಇರುವಲ್ಲೆಲ್ಲ ಹಂಗಾಮಿನ ಕೊನೆಗೆ ಹೊಗೆ ಇದೆ. ಈ ಸೀಮೆಯಲ್ಲಿ ಮಾಲೀಕರಿಲ್ಲದ ವಸ್ತು ಅಪರೂಪ. ಹೊಲಕ್ಕೆ ಉತಾರದಲ್ಲಿ ಹೆಸರಿದೆ. ಬಾವಿಗೆ ಪಾಲುದಾರರಿದ್ದಾರೆ. ಬದುವಿಗಂತೂ ಇಬ್ಬಿಬ್ಬರು ಮಾಲೀಕರಿದ್ದು, ಇಬ್ಬರೂ ತಾರೀಖಿಗೆ ತಪ್ಪದೆ ಕೋರ್ಟಿಗೆ ಹೋಗಿಬರುತ್ತಾರೆ. ಬೆಂಕಿಗೆ ಮಾತ್ರ, ಅದು ಬದು ದಾಟಿದ ಕ್ಷಣದಿಂದ, ಮಾಲೀಕರು ಇರುವುದಿಲ್ಲ. ಈ ಪತ್ರ ಅವರಿಗೇ. ವಿಳಾಸ ಸಿಗದ ಕಾರಣ ಇದನ್ನು ಬಹಿರಂಗವಾಗಿ ಬರೆಯಲಾಗಿದೆ. ಓದಿದವರಿಗೆ ಗುರುತಿದ್ದರೆ ತಲುಪಿಸಬಹುದು.

ರವದಿ ಸುಡುವುದಕ್ಕೆ ಕಾರಣಗಳಿವೆ, ಅವು ಸುಳ್ಳಲ್ಲ. ರವದಿ ಹಾಗೇ ಬಿದ್ದರೆ ಸಾಲಿನಲ್ಲಿ ನೀರು ಮುಂದಕ್ಕೆ ಹರಿಯುವುದಿಲ್ಲ, ಕುಳೆ ಕಬ್ಬಿನ ಬುಡ ಸವರಲು ಆಗುವುದಿಲ್ಲ, ಅಡಿಯಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಆಳು ಸಿಗುವುದಿಲ್ಲ, ಸಿಕ್ಕರೂ ಎಲೆಯ ಅಂಚು ಕೈ ಕೊಯ್ಯುತ್ತದೆ. ಎದುರಿಗೆ ಒಂದು ಕಡ್ಡಿಪೆಟ್ಟಿಗೆ ಇದೆ. ಅದು ಕೂಲಿ ಕೇಳುವುದಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದಿಲ್ಲ. ಈ ಲೆಕ್ಕದಲ್ಲಿ ಬಿಟ್ಟುಹೋಗುವ ಖರ್ಚು ಹೊಗೆಯಲ್ಲಿ ಹೋಗುತ್ತದೆ. ರವದಿಯಲ್ಲಿರುವ ಸಾರಜನಕ, ಗಂಧಕ ಗಾಳಿಗೆ ಸೇರುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಬೂದಿ ಗಾಳಿ ಬೀಸಿದ ಕಡೆಯ ರೈತನದ್ದಾಗುತ್ತದೆ. ಮಣ್ಣಿನ ಸಾವಯವ ಇಂಗಾಲ ಇಳಿಯುತ್ತದೆ, ಎರೆಹುಳು ಸಾಯುತ್ತದೆ. ಆಮೇಲೆ ಅದೇ ಹೊಲದ ಮಾಲೀಕರು ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಂಡು ತರಲು ಸೊಸೈಟಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ.

ಬೇರೆ ದಾರಿ ದೂರದಲ್ಲೇನೂ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬಿನ ಸಂಶೋಧನಾ ಕೇಂದ್ರ ನೆರೆಯ ಸಂಕೇಶ್ವರದಲ್ಲಿದೆ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲಿದೆ. ಕಬ್ಬಿನ ತಜ್ಞರು ಎಲ್ಲ ಕಡೆ ಹೇಳುವುದು ಒಂದೇ: ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸಬೇಕು, ಅಥವಾ ಯಂತ್ರದಿಂದ ಪುಡಿ ಮಾಡಿ, ಯೂರಿಯಾ, ಸೂಪರ್ ಫಾಸ್ಫೇಟ್ ಮತ್ತು ಕೊಳೆಸುವ ಜೀವಾಣು ಹಾಕಿ ನೀರು ಬಿಡಬೇಕು. ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಇದರಲ್ಲಿರುವ ದೋಷ ಒಂದೇ, ಕಾಯಬೇಕು. ಕಾರ್ಖಾನೆಯವರು ತೂಕದ ದಿನದಿಂದ ಬಿಲ್ಲಿನ ದಿನದವರೆಗೆ ಕಾಯಿಸುವುದನ್ನು ಸಹಿಸಿಕೊಂಡ ರೈತ ರವದಿ ಕೊಳೆಯುವ ತನಕ ಕಾಯಲಾರ ಎಂದರೆ ತಾಳ್ಮೆಯೆಲ್ಲ ಅಲ್ಲಿಯೇ ಖರ್ಚಾಗಿದೆ ಎಂದು ತಿಳಿಯಬೇಕು. ಇದೇ ಕಬ್ಬಿನ ಸಿಪ್ಪೆ ಕಾರ್ಖಾನೆಯ ಬಾಯ್ಲರಿನಲ್ಲಿ ಸುಟ್ಟು ವಿದ್ಯುತ್ ಕೊಡುತ್ತದೆ; ಇದೇ ಕಬ್ಬಿನ ಎಲೆ ಹೊಲದಲ್ಲಿ ಸುಟ್ಟು ವಿದ್ಯುತ್ ತಂತಿ ಕೆಡವುತ್ತದೆ.

ಇನ್ನು ಕಾನೂನು. ಬೆಂಕಿಯ ಮಾಲೀಕರು ಕಾನೂನೇ ಇಲ್ಲ ಎಂದು ತಿಳಿದಿದ್ದರೆ ಅದು ತಪ್ಪು; ಕಾನೂನು ಬೇಕಾದಷ್ಟಿದೆ, ದರಪಟ್ಟಿಯ ಸಮೇತ. ಮನುಷ್ಯರ ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದ ಬೆಂಕಿ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1860ರ ದಂಡ ಸಂಹಿತೆಯಲ್ಲಿ ಇದೇ ಅಪರಾಧಕ್ಕೆ 1000 ರೂಪಾಯಿ ಇತ್ತು. ಆ ಕಾಲದ ಸಾವಿರ ಎಂದರೆ ಹೊಲ ಮಾರಿ ಕಟ್ಟಬೇಕಾದ ಮೊತ್ತ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕಬ್ಬಿನ ಕನಿಷ್ಠ ದರ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3400 ರೂಪಾಯಿ. ಅಂದರೆ 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಪಕ್ಕದವರ ಜೀವಕ್ಕೆ ಬೆಂಕಿಯ ಭಯ ತಂದದ್ದಕ್ಕೆ ಗರಿಷ್ಠ ದಂಡ ಒಂದು ಟನ್ ಕಬ್ಬಿಗಿಂತ ಕಡಿಮೆ. ಹಾನಿ ಮಾಡಬೇಕೆಂದೇ ಬೆಳೆಗೆ ಬೆಂಕಿ ಇಟ್ಟರೆ ಕಥೆ ಬೇರೆ. 326ನೇ ಕಲಂ ಏಳು ವರ್ಷದವರೆಗೆ ಕಳಿಸುತ್ತದೆ. ಆದರೆ ಬೇಕೆಂದೇ ಇಟ್ಟವರು ಈ ಸೀಮೆಯಲ್ಲಿ ಯಾರೂ ಇಲ್ಲ. ಎಲ್ಲರದ್ದೂ ಒಂದೇ ಹೇಳಿಕೆ: “ನಮ್ಮ ಹೊಲದಾಗ ಹಚ್ಚಿದ್ದು ಆಗಳೇ ಆರಿತ್ತರೀ, ಗಾಳಿ ಬಂತು, ಏನ್ ಮಾಡೂದು?” ಗಾಳಿಯ ಮೇಲೆ ಯಾವ ಕಲಮೂ ಇಲ್ಲ.

ಕಸ ಸುಡುವುದರ ದರ ಬೇರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5000, ದೊಡ್ಡ ಪ್ರಮಾಣಕ್ಕೆ 25000 ರೂಪಾಯಿ ಎಂದಿತು. ತಿಪ್ಪೆಯ ಮೇಲೆ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಹರಿದ ಚಪ್ಪಲಿ ಸೇರಿಸಿ ಬೆಳಿಗ್ಗೆ ಚಳಿ ಕಾಯಿಸುವ ಹಿರಿಯರು ಇದನ್ನು ಓದಿದರೆ ಕುಳಿತಲ್ಲೇ ಬೆವರುವರು, ಬೆಂಕಿಯೇ ಬೇಕಾಗುವುದಿಲ್ಲ. ಹೊಲದ ಕೂಳೆ ಸುಡುವುದಕ್ಕೂ 2015ರಲ್ಲಿ ಇದೇ ಮಂಡಳಿ ಎಕರೆಯ ಲೆಕ್ಕದಲ್ಲಿ ದಂಡ ಕಟ್ಟಿತು: ಎರಡು ಎಕರೆ ಒಳಗೆ 2500, ಐದು ಎಕರೆವರೆಗೆ 5000, ಅದಕ್ಕೂ ಮೇಲೆ 15000. 2024ರ ನವೆಂಬರಿನಲ್ಲಿ ದೆಹಲಿಯ ಸುತ್ತಮುತ್ತ ಅದು ಇಮ್ಮಡಿಯಾಯಿತು. ಈ ದಂಡ ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ, ದೆಹಲಿಗಳಿಗೆ. ಅಲ್ಲಿಯ ಹೊಗೆ ಸಂಸತ್ತಿನ ಮೂಗಿಗೆ ತಲುಪುತ್ತದೆ. ಕರೋಶಿಯ ಹೊಗೆ ಹೆಚ್ಚೆಂದರೆ ಹೈಸ್ಕೂಲಿನ ಕಿಟಕಿಗೆ ತಲುಪುತ್ತದೆ. ಹೊಗೆಗೂ ವಿಳಾಸ ಮುಖ್ಯ.

ದರಪಟ್ಟಿಯ ತುದಿಯಲ್ಲಿ ಇರುವುದು ಬೆಂಕಿ ಹಚ್ಚಿದವರಲ್ಲ, ಬೆಂಕಿ ನಂದಿಸಲು ಬರುವವರ ದಾರಿಗೆ ಅಡ್ಡ ನಿಂತವರು. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರಿಗೆ ಅಡ್ಡಿ ಮಾಡಿದರೆ ಮೂರು ತಿಂಗಳು ಅಥವಾ 2500 ರೂಪಾಯಿ. ಅಗ್ನಿಶಾಮಕ ವಾಹನಕ್ಕೆ, ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ, 2019ರ ತಿದ್ದುಪಡಿಯ ನಂತರ, ಮೋಟಾರು ವಾಹನ ಕಾಯ್ದೆಯಂತೆ 10000 ರೂಪಾಯಿ ಅಥವಾ ಆರು ತಿಂಗಳು. ಹಚ್ಚಿದ್ದಕ್ಕೆ ಎರಡು ಸಾವಿರ, ದಾರಿ ಕಟ್ಟಿದ್ದಕ್ಕೆ ಹತ್ತು ಸಾವಿರ. ಒಂದಕ್ಕೆ ಐದು ಪಟ್ಟು. ಈ ಲೆಕ್ಕ ಮೊದಲಿಗೆ ವಿಚಿತ್ರ ಕಾಣುತ್ತದೆ. ತೋಟದ ದಾರಿಯಲ್ಲಿ ಒಮ್ಮೆ ನಿಂತು ನೋಡಿದವರಿಗೆ ಹಾಗೆ ಕಾಣುವುದಿಲ್ಲ.

ತೋಟದ ದಾರಿ ಎಂದರೆ ಎರಡೂ ಕಡೆ ಕಬ್ಬು, ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಮಣ್ಣು. ಹೊಗೆ ಎದ್ದ ಹತ್ತು ನಿಮಿಷಕ್ಕೆ ಅಲ್ಲಿ ನಲವತ್ತು ಬೈಕ್ ನಿಂತಿರುತ್ತವೆ. ಬಂದವರಲ್ಲಿ ನಾಲ್ಕು ಜಾತಿ. ಮೊದಲನೆಯವರು ಮೊಬೈಲಿನವರು, ಇವರು ಬೆಂಕಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಮುಖವೂ ಬರಬೇಕಲ್ಲ. ಎರಡನೆಯವರು ಹಿಂದಿನ ಬೆಂಕಿಗಳ ಇತಿಹಾಸಕಾರರು: ಇದೇನು ಬೆಂಕಿ, ಬರಗಾಲದ ವರ್ಷ ಬಿದ್ದದ್ದು ಬೆಂಕಿ ಎನ್ನುತ್ತಾರೆ. ಮೂರನೆಯವರು ಸಲಹೆಗಾರರು. ಪೈಪು ಎಡಕ್ಕೆ ಹಿಡಿ, ಬಲಕ್ಕೆ ಹಿಡಿ, ಮೊದಲು ಬಣವಿಗೆ ಹೊಡಿ ಎಂದು ಅಗ್ನಿಶಾಮಕ ಸಿಬ್ಬಂದಿಗೆ ಪೈಪಿನ ಮೇಲೆಯೇ ನಿಂತು ಹೇಳುತ್ತಾರೆ, ನೀರು ಅವರ ಚಪ್ಪಲಿಯ ಕೆಳಗೆ ಸಿಕ್ಕಿಕೊಂಡಿರುತ್ತದೆ. ನಾಲ್ಕನೆಯವರು ತಡ ಆಯಿತೆಂದು ಸಿಬ್ಬಂದಿಯನ್ನು ಬಯ್ಯುವವರು. ಅವರ ಬೈಕೇ ಎಲ್ಲಕ್ಕಿಂತ ಮುಂದೆ, ದಾರಿಗೆ ಅಡ್ಡ ಇರುತ್ತದೆ. ಐದನೆಯ ಜಾತಿಯೂ ಒಂದಿದೆ, ಸಂಖ್ಯೆಯಲ್ಲಿ ಕಡಿಮೆ: ಹಸಿ ಬೇವಿನ ಟೊಂಗೆ ಮುರಿದುಕೊಂಡು, ಅಂಗಿ ತೊಯ್ಸಿ ತಲೆಗೆ ಸುತ್ತಿಕೊಂಡು, ಬದುವಿನ ಗುಂಟ ಬಡಿಯುತ್ತ ಹೋಗುವವರು. ಇವರ ವಿಡಿಯೋ ಯಾರೂ ಮಾಡುವುದಿಲ್ಲ, ಹೊಗೆಯಲ್ಲಿ ಮುಖ ಕಾಣುವುದಿಲ್ಲ.

1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಮೊದಲ ನಾಲ್ಕೂ ಜಾತಿಯನ್ನು ಮುಂದಾಗಿಯೇ ಊಹಿಸಿದಂತಿದೆ. ಕೆಲಸಕ್ಕೆ ತೊಡಕಾದವರನ್ನು ಸ್ಥಳದಿಂದ ಕಳಿಸುವ, ರಸ್ತೆ ಮುಚ್ಚುವ, ಪೈಪು ಒಯ್ಯಲು ಬೇಕಾದರೆ ಗೋಡೆ ಬಾಗಿಲು ಒಡೆಯುವ, ನೀರು ಪಡೆಯುವ ಅಧಿಕಾರ ಅದರಲ್ಲಿದೆ. ಬೆಂಕಿಯ ಸುಳ್ಳು ಸುದ್ದಿ ಕೊಡುವುದೂ ಅದರಂತೆ ಅಪರಾಧ. ಅಧಿಕಾರ ಇದೆ, ಬಳಸಲು ಗಾಡಿಯಲ್ಲಿ ಬಂದವರು ಬೆರಳೆಣಿಕೆಯ ಮಂದಿ, ಎದುರಿಗೆ ಊರು.

ನೀರಿನ ಲೆಕ್ಕವೂ ಗೊತ್ತಿರಬೇಕು. ಸಾಮಾನ್ಯ ಫೈರ್ ಗಾಡಿಯ ಟಾಕಿಯಲ್ಲಿ ಹಿಡಿಯುವುದು ಸುಮಾರು 4500 ಲೀಟರ್. ಪಂಪು ಪೂರ್ತಿ ಬಲದಲ್ಲಿ ಓಡಿದರೆ ಅದು ಕೆಲವೇ ನಿಮಿಷಗಳ ನೀರು. ಆಮೇಲೆ ಹತ್ತಿರದ ಬಾವಿಯೋ ಬೋರೋ ಬೇಕು. ಬಾವಿಯ ಮೋಟಾರು ಓಡಲು ತ್ರೀಫೇಸ್ ಬೇಕು. ಪಂಪ್‌ಸೆಟ್ಟಿಗೆ ಅದು ದಿನಕ್ಕೆ ಏಳು ತಾಸು ಎಂಬುದು ಸರ್ಕಾರದ ಮಾತು. ಬೆಂಕಿ ಆ ಏಳು ತಾಸಿನೊಳಗೇ ಬಿತ್ತು ಎಂದು ಇಟ್ಟುಕೊಂಡರೂ, ತಂತಿಯ ಕೆಳಗೆ ಕಬ್ಬು ಉರಿಯುತ್ತಿದ್ದರೆ ಮೊದಲು ಮಾಡಬೇಕಾದ ಕೆಲಸ ಹೆಸ್ಕಾಂಗೆ ಫೋನ್ ಮಾಡಿ ಲೈನ್ ತೆಗೆಸುವುದು. ಲೈನ್ ತೆಗೆದರೆ ಮೋಟಾರು ನಿಲ್ಲುತ್ತದೆ. ಲೈನ್ ಇದ್ದರೆ ನೀರು ಹೊಡೆಯುವಂತಿಲ್ಲ, ಲೈನ್ ಇಲ್ಲದಿದ್ದರೆ ಹೊಡೆಯಲು ನೀರಿಲ್ಲ. ಇದಕ್ಕೆ ಪರಿಹಾರ ಡೀಸೆಲ್ ಪಂಪು ಇಲ್ಲವೇ ಟ್ರ್ಯಾಕ್ಟರಿನ ಟ್ಯಾಂಕರು. ಎರಡೂ ಊರಲ್ಲಿರುತ್ತವೆ, ಚಾವಿ ಇರುವವರು ವಿಡಿಯೋ ಮಾಡುತ್ತಿರುತ್ತಾರೆ.

ಬೆಂಕಿ ಆರಿದ ಮೇಲೆ ಕಾರಣ ಹುಡುಕುವ ಕೆಲಸ. ಈ ಸೀಮೆಯ ಬೆಂಕಿಗಳಲ್ಲಿ ಬಹುಪಾಲಿಗೆ ಒಂದೇ ಕಾರಣ ಸಿಗುತ್ತದೆ, ಶಾರ್ಟ್ ಸರ್ಕ್ಯೂಟ್. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವುದು, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಕೆಳಗಿನ ಹುಲ್ಲು ಹೊತ್ತಿಕೊಳ್ಳುವುದು ನಿಜವಾಗಿ ನಡೆಯುವ ಸಂಗತಿ. ಬೆಳೆದು ನಿಂತ ಕಬ್ಬು ಕಳೆದುಕೊಂಡವರಿಗೆ ಅದು ತಮಾಷೆಯಲ್ಲ. ಅಂಥ ಸಂದರ್ಭಕ್ಕೆ ಪಂಚನಾಮೆ, ಅಗ್ನಿಶಾಮಕ ಠಾಣೆಯ ವರದಿ, ವಿದ್ಯುತ್ ಪರಿವೀಕ್ಷಕರ ವರದಿ ಎಂಬ ಕ್ರಮ ಇದೆ, ಪರಿಹಾರ ಕೇಳುವ ಹಕ್ಕೂ ಇದೆ. ಆದರೆ ತಂತಿಯೇ ಇಲ್ಲದ ಹೊಲದಲ್ಲೂ ಶಾರ್ಟ್ ಸರ್ಕ್ಯೂಟ್ ಆಗುವುದು ವಿಜ್ಞಾನಕ್ಕೆ ಈ ಭಾಗದ ಕೊಡುಗೆ. ಸೇದಿ ಎಸೆದ ಬೀಡಿಗೆ ಯಾರೂ ಹೆಸರು ಹಚ್ಚುವುದಿಲ್ಲ. ಬೀಡಿ ತಂಬಾಕಿಗೆ ನಿಪ್ಪಾಣಿ ಹೆಸರುವಾಸಿ; ಊರಿನ ಬೆಳೆಯ ಮೇಲೆ ಊರವರು ದೂರು ಹೇಳುವುದುಂಟೆ?

ಬೆಂಕಿ ತಗುಲಿದ ನಿಂತ ಕಬ್ಬಿನದು ಇನ್ನೊಂದು ಪಾಡು. ಸುಟ್ಟ ಕಬ್ಬು ಬೇಗ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶ ದಿನದಿನಕ್ಕೆ ಕುಸಿಯುತ್ತದೆ. ಒಂದೆರಡು ದಿನದಲ್ಲಿ ನುರಿಸದಿದ್ದರೆ ಕಾರ್ಖಾನೆಗೂ ಬೇಡ, ರೈತನಿಗೂ ದಕ್ಕದು. ಆದ್ದರಿಂದ ಅದಕ್ಕೆ ಸರದಿ ಬಿಟ್ಟು ಕಟಾವು ಸಿಗುವುದುಂಟು. ಎಲೆ ಸುಟ್ಟ ಕಬ್ಬು ಕಡಿಯುವುದು ಸುಲಭ, ಟೋಳಿಯವರಿಗೂ ಹಗುರ. ತಿಂಗಳುಗಟ್ಟಲೆ ಕಾರ್ಖಾನೆಯ ಕಟಾವಿನ ಸ್ಲಿಪ್ಪಿಗೆ ಕಾದ ಕಬ್ಬಿಗೆ ಒಂದು ರಾತ್ರಿ ತಾನಾಗಿಯೇ ಬೆಂಕಿ ಬಿದ್ದರೆ ಕಟ್ಟೆಯ ಮೇಲೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡುವುದು ಇದಕ್ಕೇ. ಆ ಬೆಂಕಿ ಪಕ್ಕದ ಹೊಲದ ಡ್ರಿಪ್ ಪೈಪು ಕರಗಿಸಿ, ಅದರಾಚೆಯ ಕಣಿಕೆ ಬಣವಿ ತಿಂದು, ಗೂಟಕ್ಕೆ ಕಟ್ಟಿದ ಎಮ್ಮೆಯವರೆಗೆ ಹೋದದ್ದು ಸ್ಲಿಪ್ಪಿನಲ್ಲಿ ಬರೆದಿರುವುದಿಲ್ಲ.

ವರ್ಷದಲ್ಲಿ ಒಂದು ಬೆಂಕಿಗೆ ಮಾತ್ರ ಊರೆಲ್ಲ ಮಾಲೀಕರು, ಅದು ಹೋಳಿ ಹುಣ್ಣಿಮೆಯ ಕಾಮದಹನ. ಕಟ್ಟಿಗೆ, ಕುಳ್ಳು ಯಾರದ್ದೆಂದು ಕೇಳುವಂತಿಲ್ಲ, ಕದ್ದದ್ದೇ ಶ್ರೇಷ್ಠ. ಹಲಗಿ ಬಡಿದು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ವಿಚಿತ್ರವೆಂದರೆ ಈ ಬೆಂಕಿ ಬಹಳ ಶಿಸ್ತಿನದು: ಮನೆ, ಬಣವಿ, ತಂತಿಯಿಂದ ದೂರ ಜಾಗ ನೋಡುತ್ತಾರೆ, ಹಿರಿಯರು ಕಾಯುತ್ತಾರೆ, ಆರುವ ತನಕ ಯಾರಾದರೂ ಇರುತ್ತಾರೆ. ರವದಿಗೆ ಹಚ್ಚುವಾಗ ಇದರಲ್ಲಿ ಒಂದೂ ಇಲ್ಲ. ನಡುಮಧ್ಯಾಹ್ನ, ಗಾಳಿ ಬೀಸುವ ಹೊತ್ತಿಗೆ, ಒಬ್ಬರೇ ಹಚ್ಚಿ ಚಹಾಕ್ಕೆ ಹೋಗುತ್ತಾರೆ. ಬಾಯಿ ಬಡಿದುಕೊಳ್ಳುವ ಪಾಳಿ ಪಕ್ಕದ ಹೊಲದವರಿಗೆ ಬರುತ್ತದೆ.

ಹೋಳಿಯ ನಂತರ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿನೊಳಗಿನ ಹತ್ತಿಗೆ ಬೆಂಕಿ ಹತ್ತಿ, ಜೊತೆಗೆ ತುಂಬಿದ್ದ ಮದ್ದುಗುಂಡು ಸಿಡಿದು, ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿನ ವಾರ ಅದು. ಆಗ ಚಿಕ್ಕೋಡಿಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಆ ವಾರ ಸಿಬ್ಬಂದಿ ಶಾಲೆಗಳಿಗೆ ಬಂದು ಬೆಂಕಿ ನಂದಿಸಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದೇ ಹೊತ್ತಿಗೆ ಅಪ್ಪಂದಿರು ಹೊಲದಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಸಿದ್ಧತೆ ನಡೆಸಿರುತ್ತಾರೆ.

ಇನ್ನುಳಿದದ್ದು ಒಂದು ವಿನಂತಿ. ಬೆಂಕಿಯ ಮಾಲೀಕರು ಹೆಸರು ಹೇಳದಿದ್ದರೂ ನಡೆಯುತ್ತದೆ, ಫೋನಂತೂ ಮಾಡಲಿ. ಸಂಖ್ಯೆ 112, ಇಲ್ಲವೇ ಹಳೆಯ 101. ತಂತಿಯ ವಿಷಯಕ್ಕೆ 1912. ಮಾಡುವಾಗ ‘ಪಾಟೀಲರ ತೋಟ’ ಎಂದಷ್ಟೇ ಹೇಳಿ ಇಡಬಾರದು. ಈ ಭಾಗದಲ್ಲಿ ಪ್ರತಿ ಊರಿಗೂ ನಾಲ್ಕಾರು ಪಾಟೀಲರ ತೋಟಗಳಿವೆ; ಗಾಡಿ ಎಲ್ಲವನ್ನೂ ನೋಡಿಕೊಂಡು ಬರುವ ಹೊತ್ತಿಗೆ ಸುಡಲು ಏನೂ ಉಳಿದಿರುವುದಿಲ್ಲ. ಊರು, ಡಾಂಬರು ರಸ್ತೆಯಿಂದ ಒಳಗೆ ತಿರುಗುವ ಜಾಗ, ಹತ್ತಿರದ ಗುಡಿ ಅಥವಾ ಶಾಲೆ, ಆ ಪಾಟೀಲರ ಅಜ್ಜನ ಹೆಸರು, ಇಷ್ಟು ಹೇಳಿ, ತಿರುವಿನಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಬೇಕು. ಬೈಕನ್ನು ದಾರಿಯಿಂದ ತೆಗೆದು ಕಬ್ಬಿನೊಳಗೆ ಅಲ್ಲ, ಬಯಲಿನಲ್ಲಿ ನಿಲ್ಲಿಸಬೇಕು.