ಪಿಕಪ್ಪಿಗೆ ಲಾರಿ ಚಕ್ರ

ಪಿಕಪ್ಪಿಗೆ ಲಾರಿಯ ಚಕ್ರ ಹಾಕಿಸುವ ಹುಚ್ಚು ಕೊಡಗಿನಲ್ಲಿ ಮಳೆಗಾಲಕ್ಕೆ ಸ್ವಲ್ಪ ಮೊದಲು ಕೆರಳುತ್ತದೆ. ಅದಕ್ಕೆ ಎರಡು ಕಾರಣ. ಒಂದನ್ನು ಮಾಲೀಕ ಬಾಯಿಬಿಟ್ಟು ಹೇಳುತ್ತಾನೆ: ಗೊಬ್ಬರದ ಚೀಲ ತುಂಬಿಕೊಂಡು ತೋಟದ ಏರು ಹತ್ತುವಾಗ ಕಂಪನಿ ಕೊಟ್ಟ ಟಯರು ಸಾಲುವುದಿಲ್ಲ, ಕಲ್ಲಿನ ಅಂಚಿಗೆ ಸಿಕ್ಕಿ ಬದಿ ಸೀಳುತ್ತದೆ. ಇನ್ನೊಂದನ್ನು ಹೇಳುವುದಿಲ್ಲ: ಗೋಣಿಕೊಪ್ಪದ ಪೇಟೆಯಲ್ಲಿ ನಿಲ್ಲಿಸಿದಾಗ ಗಾಡಿ ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಈ ಎರಡನೆಯ ಕಾರಣ ಇಲ್ಲದಿದ್ದರೆ ಮುಂದೆ ವಿವರಿಸುವ ಕೆಲಸಗಳಲ್ಲಿ ಮುಕ್ಕಾಲು ಪಾಲನ್ನು ಯಾರೂ ಮಾಡುತ್ತಿರಲಿಲ್ಲ. ಇದೇ ತೋಟಗಳಲ್ಲಿ ವರ್ಷಗಟ್ಟಲೆ ದುಡಿದ ವಿಲ್ಲಿಸ್ ಜೀಪಿಗೆ ಇದ್ದದ್ದು 6.00-16ರ ಸಪೂರ ಟಯರು. ಅದು ಕೆಸರನ್ನು ಸೀಳಿಕೊಂಡು ಅಡಿಯ ಗಟ್ಟಿ ನೆಲ ಹಿಡಿಯುತ್ತಿತ್ತು. ಈ ಮಾತನ್ನು ಮಾಲೀಕನ ಮುಂದೆ ತೆಗೆದು ಪ್ರಯೋಜನವಿಲ್ಲ.

ಮೊದಲು ಟಯರಿನ ಬದಿಯ ಬರಹ ಓದಬೇಕು. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಕಾಣುವ 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ಶೇ. 75, ರಿಮ್ಮು 15 ಇಂಚು. ಕೂಡಿಸಿದರೆ ಚಕ್ರದ ಎತ್ತರ ಸುಮಾರು 70 ಸೆಂಟಿಮೀಟರ್. ಟಾಟಾ 407ರಂಥ ಸಣ್ಣ ಲಾರಿಯ 7.50-16 ಟಯರಿನದು ಸುಮಾರು 80. ಹತ್ತು ಸೆಂಟಿಮೀಟರ್ ಲಾಭವೆಂದು ಮಾಲೀಕ ಹಿಗ್ಗುತ್ತಾನೆ. ಆದರೆ ಆಕ್ಸಲ್ ಇರುವುದು ಚಕ್ರದ ನಟ್ಟನಡುವೆ. ಗಾಡಿ ಮೇಲೇಳುವುದು ಐದೇ ಸೆಂಟಿಮೀಟರ್. ಮಿಕ್ಕ ಐದು ಮಡ್‌ಗಾರ್ಡಿನ ಒಳಗೆ ಹೋಗಿ ಕೂರುತ್ತದೆ; ಸಂಪಾಜೆ ಘಾಟಿಯ ತಿರುವಿನಲ್ಲಿ ಸ್ಟೇರಿಂಗನ್ನು ಪೂರ್ತಿ ಎಳೆದಾಗ ಕರ್ರೆಂದು ಉಜ್ಜಿ ತಾನಿರುವುದನ್ನು ತಿಳಿಸುತ್ತದೆ.

ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಸಾಗುವ ದಾರಿಯೂ ಹೆಚ್ಚು. ಮೀಟರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅದು 40 ತೋರಿಸುವಾಗ ಗಾಡಿ ಸುಮಾರು 46ರಲ್ಲಿ ಓಡುತ್ತಿರುತ್ತದೆ, 100 ಕಿಲೋಮೀಟರ್ ಓಡಿದ ಗಾಡಿಗೆ 88 ಎಂದು ಬರೆದುಕೊಳ್ಳುತ್ತದೆ. ಮೈಲೇಜು ದಿಢೀರನೆ ಬಿದ್ದುಹೋಯಿತೆಂದು ಡೀಸೆಲ್ ಪಂಪಿನವನ ಜೊತೆ ಜಗಳ ತೆಗೆಯುವವರು ಈ ಗುಂಪಿನವರೇ. ಒಂದನೇ ಗೇರಿನ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಏರು ಹತ್ತಲೆಂದು ಹಾಕಿಸಿದ ಚಕ್ರ ಏರಿನಲ್ಲೇ ಎಂಜಿನ್ನಿಗೆ ಏದುಸಿರು ಬರಿಸುತ್ತದೆ.

ರಿಮ್ಮು ಸಿಗುವುದು ಗುಜರಿ ಅಂಗಡಿಯಲ್ಲಿ. ಅದು ಹಬ್ಬಿಗೆ ಕೂರುತ್ತದೋ ಇಲ್ಲವೋ ಎನ್ನುವುದಕ್ಕೆ ಬೋಲ್ಟುಗಳ ವೃತ್ತದ ವ್ಯಾಸ, ಅಂದರೆ ಪಿಸಿಡಿ, ಗೊತ್ತಿರಬೇಕು. ಐದು ಬೋಲ್ಟಿನ ಚಕ್ರದಲ್ಲಿ ಒಂದು ತೂತಿಗೆ ನೇರ ಎದುರು ಇನ್ನೊಂದು ತೂತಿಲ್ಲ; ಟೇಪು ಹಿಡಿದವನು ಅಲ್ಲೇ ಸೋಲುತ್ತಾನೆ. ಅಕ್ಕಪಕ್ಕದ ಎರಡು ತೂತುಗಳ ಅಂತರವನ್ನು ನಡುವಿನಿಂದ ನಡುವಿಗೆ ಅಳೆದು 1.7ರಿಂದ ಗುಣಿಸಬೇಕು. ವಿಲ್ಲಿಸ್ ಜೀಪಿನಲ್ಲಿ ಆ ಅಂತರ 82 ಮಿಲಿಮೀಟರ್. ಗುಣಿಸಿದರೆ ಐದೂವರೆ ಇಂಚು ಬರುತ್ತದೆ. ರೂಢಿಯಲ್ಲಿರುವ ಕ್ರಮವೇ ಬೇರೆ: ಹಳೆಯ ರಿಮ್ಮಿನ ಮೇಲೆ ಹೊಸದನ್ನು ಕವುಚಿ, ತೂತಿನೊಳಗೆ ಒಂದು ಕಣ್ಣಿಟ್ಟು, "ಹೆಚ್ಚುಕಮ್ಮಿ ಸರಿ ಇದೆ ಅಣ್ಣ" ಎನ್ನುವುದು. ಹೆಚ್ಚು ಎಷ್ಟು, ಕಮ್ಮಿ ಎಷ್ಟು ಎಂದು ಕೇಳುವ ವಾಡಿಕೆ ಇಲ್ಲ. ಹಿಂದೆ ಜೋಡಿ ಚಕ್ರ ಹಾಕುವ ಲಾರಿಯ ರಿಮ್ಮಾದರೆ ಹಳ್ಳ ಜಾಸ್ತಿ. ಅದನ್ನು ಪಿಕಪ್ಪಿಗೆ ಹಾಕಿದರೆ ಚಕ್ರ ಒಳಕ್ಕೆ ಸರಿದು ಸ್ಪ್ರಿಂಗ್ ಪಟ್ಟಿಗೆ ತಾಗುತ್ತದೆ.

ಇಂಥ ಹಳೆಯ ಲಾರಿ ರಿಮ್ಮುಗಳಲ್ಲಿ ಟಯರನ್ನು ಹಿಡಿದಿಡುವುದು ಬೇರೆಯಾಗಿ ಬರುವ ಒಂದು ಉಕ್ಕಿನ ರಿಂಗು. ಒಳಗೆ ಟ್ಯೂಬು ಮತ್ತು ಫ್ಲಾಪು ಇರುತ್ತವೆ. ಈ ರಿಂಗಿನ ವಿಷಯದಲ್ಲಿ ತಮಾಷೆ ಸಲ್ಲದು. ತುಕ್ಕು ಹಿಡಿದ ಅಥವಾ ಸೊಟ್ಟಗಾದ ರಿಂಗು ರಿಮ್ಮಿನ ಕಚ್ಚಿನಲ್ಲಿ ಸರಿಯಾಗಿ ಕೂರದೆ ಇದ್ದರೆ ಗಾಳಿ ತುಂಬುವಾಗ ಸಿಡಿದು ಎದುರಿಗಿದ್ದವನ ಜೀವ ತೆಗೆಯುತ್ತದೆ. ಕಬ್ಬಿಣದ ಪಂಜರದೊಳಗೆ ಚಕ್ರವನ್ನಿಟ್ಟು, ಪಕ್ಕದಲ್ಲಿ ನಿಂತು, ಉದ್ದ ಪೈಪಿನಿಂದ ಗಾಳಿ ಹಾಕಬೇಕು. ಗಾಳಿ ಪೂರ್ತಿ ಇಳಿಸದೆ ರಿಂಗಿಗೆ ಹಾರೆ ಹಾಕಬಾರದು, ಟಯರಿರುವ ರಿಮ್ಮಿಗೆ ವೆಲ್ಡಿಂಗ್ ಮಾಡಬಾರದು. ಪಂಜರವಿಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸುವುದಕ್ಕಿಂತ ಆ ರಿಮ್ಮನ್ನು ಗುಜರಿಗೆ ವಾಪಸು ಕೊಡುವುದೇ ಸರಿ.

ಹೊಸ ರಿಮ್ಮಿಗೆ ಬಣ್ಣ ಹೊಡೆಸದೆ ಮಾಲೀಕನಿಗೆ ಸಮಾಧಾನವಿಲ್ಲ. ರಿಮ್ಮೂ ಹಬ್ಬೂ ಕೂಡುವ ಮುಖದ ಮೇಲೆ ದಪ್ಪಗೆ ಬಣ್ಣ ಬಿದ್ದರೆ, ಓಡುತ್ತ ಓಡುತ್ತ ಅದು ಸವೆದು ನಟ್ಟು ಸಡಿಲವಾಗುತ್ತದೆ. ಅಲ್ಲಿ ಬಣ್ಣ ಕೆರೆದು, ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಮುಂದಿನದು ಬ್ಯಾಲೆನ್ಸಿಂಗ್. ಇದಕ್ಕೆ ಕುಶಾಲನಗರಕ್ಕೋ ಮಡಿಕೇರಿಗೋ ಹೋಗಿ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದ ಕಾರುಗಳ ಸಾಲಿನಲ್ಲಿ ಕಾಯಬೇಕು. ತಮ್ಮ ಬಿಳಿ ಕಾರಿನ ಮುಂದೆ ಕೆಸರು ಮೆತ್ತಿದ ಪಿಕಪ್ಪು ನಿಂತದ್ದು ಆ ಕಾರಿನವರಿಗೆ ಸಹಿಸದು. ಹಾರನ್ ಒತ್ತಿದರೆ ಚಕ್ರ ಬೇಗ ತಿರುಗುತ್ತದೆಂದು ಅವರು ತಿಳಿದಂತಿದೆ. ಚಕ್ರವನ್ನು ಯಂತ್ರದ ಶಾಫ್ಟಿಗೆ ಸಿಕ್ಕಿಸಿ, ಕೋನ್ ಇಟ್ಟು ಬಿಗಿದು ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಸೀಸ ಹೊಡೆಯಬೇಕೆಂದು ಯಂತ್ರ ತೋರಿಸುತ್ತದೆ. 60 ಎಂದು ಬರುತ್ತದೆ. ಹುಡುಗ 60 ಗ್ರಾಂ ಸೀಸ ಹೊಡೆಯುತ್ತಾನೆ. ಮತ್ತೆ ತಿರುಗಿಸಿದರೆ ಸೊನ್ನೆ ಬರಬೇಕಾದ ಕಡೆ 85. ಸೀಸ ಕಿತ್ತು, ಬಿಚ್ಚಿ ಬಿಗಿದು ತಿರುಗಿಸಿದರೆ 40. ಅಷ್ಟರಲ್ಲಿ ಸುತ್ತ ಜನ ಸೇರಿರುತ್ತಾರೆ. ರಿಮ್ಮು ಬೆಂಡಾಗಿದೆ ಎಂದು ಆಟೋದವನು. ಟಯರು ರೀಸೋಲ್ ಇರಬೇಕು ಎಂದು ಚಹಾ ಕುಡಿಯುತ್ತಿದ್ದವನು. ಯಂತ್ರವೇ ಸರಿಯಿಲ್ಲ, ತನ್ನ ಭಾವನ ಗಾಡಿಗೂ ಹೀಗೇ ಆಗಿತ್ತು ಎಂದು ಮೂರನೆಯವನು. ಅವನಿಗೆ ಗಾಡಿಯೇ ಇರುವುದಿಲ್ಲ. ಮಾಲೀಕ ಮಾತ್ರ ಕೈಕಟ್ಟಿ ನಿಂತು, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಅಪ್ಪನಂತೆ ಆ ಅಂಕಿಗಳನ್ನೇ ದಿಟ್ಟಿಸುತ್ತಿರುತ್ತಾನೆ.

ಕಾರಣ ಸರಳ. ಲಾರಿ ರಿಮ್ಮಿನ ನಡುವಿನ ತೂತು ದೊಡ್ಡದು, ಕಾರಿಗೆಂದು ಇಟ್ಟುಕೊಂಡ ಕೋನು ಸಣ್ಣದು. ಬಿಗಿದಾಗಲೆಲ್ಲ ಚಕ್ರ ಒಂದೊಂದು ಕಡೆಗೆ ಕೂದಲೆಳೆಯಷ್ಟು ಸರಿದು ಕೂರುತ್ತದೆ. ಯಂತ್ರ ಪ್ರತಿ ಸಲವೂ ನಿಜವನ್ನೇ ಹೇಳುತ್ತದೆ, ಆದರೆ ಬೇರೆ ಬೇರೆ ಚಕ್ರದ ಬಗ್ಗೆ ಹೇಳಿದಂತಿರುತ್ತದೆ. ದೊಡ್ಡ ಕೋನು ಹಾಕಿ, ಚಕ್ರವನ್ನು ಅರ್ಧ ಸುತ್ತು ತಿರುವಿ ಮತ್ತೆ ಬಿಗಿದಾಗ ಅದೇ ಅಂಕಿ ಬಂದರೆ ಮಾತ್ರ ನಂಬಬೇಕು. ಹೊಸ ಟಯರಿನ ಮೇಲೆ ಹಳದಿ ಚುಕ್ಕಿಯಿದ್ದರೆ ಅದು ಹಗುರವಾದ ಜಾಗ. ಅದನ್ನು ವಾಲ್ವಿನ ನೇರಕ್ಕಿಟ್ಟು ಕೂರಿಸಿದರೆ ಸೀಸವೂ ಉಳಿಯುತ್ತದೆ. ಕೊನೆಗೂ ಸೊನ್ನೆ ಬರುತ್ತದೆ. ಆಟೋದವನು ಸಹ ಚಪ್ಪಾಳೆ ತಟ್ಟುತ್ತಾನೆ.

ಮಾರನೆಯ ದಿನ ಗಾಡಿ ತೋಟಕ್ಕಿಳಿಯುತ್ತದೆ. ಸಿಲ್ವರ್ ಮರಗಳ ನಡುವಿನ ಇಳಿಜಾರಿನಲ್ಲಿ ಒಮ್ಮೆ ಹೋಗಿ ಬಂದರೆ ಸಾಕು, ರಿಮ್ಮಿನ ಒಳಬದಿಯಲ್ಲಿ ಅರ್ಧ ಕಿಲೋ ಕೆಂಪು ಮಣ್ಣು ಒಂದೇ ಕಡೆ ಮೆತ್ತಿಕೊಂಡು, ಬಿಸಿಲು ಬಿದ್ದಾಗ ಇಟ್ಟಿಗೆಯಾಗಿ ಒಣಗುತ್ತದೆ. ಐದು ಗ್ರಾಮಿಗೆ ತಲೆ ಕೆಡಿಸಿಕೊಂಡವನು ಈ 500ನ್ನು ನೋಡಿಯೂ ನೋಡದವನಂತೆ ಇರುತ್ತಾನೆ. ತೋಟದೊಳಗೆ ಹಾಗೆ ಇದ್ದರೂ ನಷ್ಟವಿಲ್ಲ, ಏಕೆಂದರೆ ಚಕ್ರದ ಒಂದು ಕಡೆಯ ಭಾರ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ರಿಮ್ಮಿನ ಅಂಚಿನಲ್ಲಿ 50 ಗ್ರಾಂ ಹೆಚ್ಚುಕಮ್ಮಿಯಾದರೆ 80 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 3 ಕಿಲೋ ತೂಕದ ಬಲದಿಂದ, ಸೆಕೆಂಡಿಗೆ 9 ಸಲ ಜಗ್ಗುತ್ತದೆ. 20ರಲ್ಲಾದರೆ ಅದು ಇನ್ನೂರು ಗ್ರಾಮೂ ಮುಟ್ಟದು. ತೋಟದ ದಾರಿಯಲ್ಲಿ 20 ದಾಟುವವರು ಯಾರು? ಅಲ್ಲಿ ಸ್ಟೇರಿಂಗ್ ನಡುಗಿದರೆ ಅದು ರಸ್ತೆಯ ಕೊಡುಗೆ. ಮಣ್ಣಿನ ಇಟ್ಟಿಗೆ ಬಾಯಿ ಬಿಡುವುದು ಕಾಫಿ ಚೀಲ ಹೇರಿಕೊಂಡು ಕಾವೇರಿ ಸೇತುವೆ ದಾಟಿ, ಬೈಲಕುಪ್ಪೆ ಕಳೆದು, ಹುಣಸೂರಿನ ನೇರ ರಸ್ತೆಯಲ್ಲಿ ಎಪ್ಪತ್ತಕ್ಕೇರಿದಾಗ. ಆಗ ಬ್ಯಾಲೆನ್ಸಿಂಗ್ ಮಾಡಿದ ಹುಡುಗನಿಗೆ ಬೈಗುಳ. ಹೊರಡುವ ಮುಂಚೆ ರಿಮ್ಮಿನ ಒಳಬದಿಗೆ ಪೈಪು ಹಿಡಿದಿದ್ದರೆ ಮುಗಿಯುತ್ತಿತ್ತು.

ಕಾನೂನಿನ ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಒತ್ತಿ ಹೇಳಿದೆ. ಹಾಗಾಗಿ ಎಫ್‌ಸಿಗೆ, ಅಂದರೆ ಗಾಡಿಯ ಅರ್ಹತಾ ಪರೀಕ್ಷೆಗೆ, ಹೋಗುವ ಮುನ್ನಾದಿನ ಕೊಡಗಿನ ನೋಂದಣಿಯ, ಕೆಎ 12ರ ಕೆಲವು ಪಿಕಪ್ಪುಗಳು ಐದು ಸೆಂಟಿಮೀಟರ್ ಕುಳ್ಳಾಗುತ್ತವೆ.

ಉಳಿದದ್ದು ಸ್ಟೆಪ್ನಿ. ನಾಲ್ಕು ಚಕ್ರಕ್ಕೆ ದುಡ್ಡು ಸುರಿದವನು ಐದನೆಯದನ್ನು ಹಳೆಯದೇ ಇಟ್ಟುಕೊಳ್ಳುತ್ತಾನೆ. ಮಾಕುಟ್ಟ ಘಾಟಿಯಲ್ಲಿ ಹಿಂದಿನದು ಪಂಕ್ಚರ್ ಆಗಿ ಅದನ್ನು ಹಾಕಿದರೆ ಒಂದೇ ಆಕ್ಸಲ್ಲಿನಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ನೇರ ರಸ್ತೆಯಲ್ಲೂ ತಿರುವಿನಲ್ಲಿರುವಂತೆ ಡಿಫರೆನ್ಷಿಯಲ್ ಒಂದೇ ಸಮ ತೇಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದೇ ಆಗಬೇಕು. ಆದರೆ ಅಷ್ಟು ದೊಡ್ಡದು ಗಾಡಿಯ ಅಡಿಯಲ್ಲಿ ಅದಕ್ಕೆಂದು ಮಾಡಿದ ಜಾಗಕ್ಕೆ ಹಿಡಿಯುವುದಿಲ್ಲ. ಹಿಂದೆ ಲೋಡಿನ ಜಾಗದಲ್ಲೇ ಹಗ್ಗ ಹಾಕಿ ಕಟ್ಟಬೇಕಾಗುತ್ತದೆ, ಟ್ರಿಪ್ಪಿಗೆ ಎರಡು ಚೀಲ ಕಾಫಿ ಕಣದಲ್ಲೇ ಉಳಿಯುತ್ತದೆ.